ಖಾಲಿ ಯೂನಿಟ್‌ಗಳನ್ನು ನಾನು ಎಣಿಸಿರಲಿಲ್ಲ

ನ್ಯೂಜಿಲೆಂಡ್‌ನಲ್ಲಿ ಷೇರು ವಿಶ್ಲೇಷಕಿಯಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ವಹಿಸಿದ್ದು ರಿಟೈರ್‌ಮೆಂಟ್ ವಿಲೇಜ್ ಕಂಪನಿಗಳನ್ನು, ಅಂದರೆ ಹಿರಿಯರಿಗಾಗಿ ವಸತಿ ಸಮುಚ್ಚಯ ಕಟ್ಟಿ ನಡೆಸುವವರನ್ನು. 2022ರ ಮಧ್ಯಭಾಗ. ಅವುಗಳಲ್ಲೊಂದರ ಷೇರು ಪುಸ್ತಕ ಮೌಲ್ಯಕ್ಕಿಂತ (ಲೆಕ್ಕಪತ್ರದ ಪ್ರಕಾರ ಆಸ್ತಿಯಿಂದ ಸಾಲ ಕಳೆದು ಷೇರಿಗೆ ಉಳಿಯುವ ಮೊತ್ತಕ್ಕಿಂತ) ಎಷ್ಟೋ ಕಡಿಮೆಗೆ ಸಿಗುತ್ತಿತ್ತು. ವಾರ್ಷಿಕ ವರದಿಯಲ್ಲಿ ಲಾಭವೂ ಭರ್ಜರಿಯಾಗಿತ್ತು. 'ಕೊಳ್ಳಬಹುದು' ಎಂದು ಬರೆದು ಕೊಟ್ಟೆ.

ಮೇಲಧಿಕಾರಿ ಓದಿ ಒಂದೇ ಪ್ರಶ್ನೆ ಕೇಳಿದರು: "ಈ ಲಾಭದಲ್ಲಿ ದುಡ್ಡಾಗಿ ಕೈಗೆ ಬಂದದ್ದೆಷ್ಟು?" ನನ್ನಲ್ಲಿ ಉತ್ತರವಿರಲಿಲ್ಲ.

ಈ ವ್ಯವಹಾರದ ಒಳಗುಟ್ಟು ಹೀಗಿದೆ. ವಿಲೇಜ್ ಸೇರುವ ಹಿರಿಯರು ಮನೆಯನ್ನು ಕೊಳ್ಳುವುದಿಲ್ಲ, ವಾಸದ ಹಕ್ಕನ್ನು ಪಡೆಯುತ್ತಾರೆ. 7 ಲಕ್ಷ ಡಾಲರ್ ಕೊಟ್ಟು ಸೇರಿದರು ಎನ್ನಿ. ಶೇ. 30ರ ನಿರ್ವಹಣಾ ಶುಲ್ಕದ ಕರಾರಿದ್ದರೆ, ಬಿಟ್ಟು ಹೋಗುವಾಗ ಕಂಪನಿ 2.1 ಲಕ್ಷ ಹಿಡಿದುಕೊಂಡು 4.9 ಲಕ್ಷ ಹಿಂದಿರುಗಿಸುತ್ತದೆ. ಅದೇ ಯೂನಿಟ್, ಅಂದರೆ ಆ ಮನೆ, ಮುಂದಿನವರಿಗೆ 8.5 ಲಕ್ಷಕ್ಕೆ ಹೋದರೆ ಮೇಲಿನ 1.5 ಲಕ್ಷವೂ ಸಾಮಾನ್ಯವಾಗಿ ಕಂಪನಿಯದೇ. ಬೆಲೆ 6.5 ಲಕ್ಷಕ್ಕೆ ಕುಸಿದರೆ ಕಂಪನಿಗೆ ಉಳಿಯುವುದು ಒಟ್ಟು 1.6 ಲಕ್ಷ. ಮನೆ ಬೆಲೆಯ ಮೇಲೆ ಇಷ್ಟು ನೇರವಾಗಿ ನಿಂತ ಷೇರುಗಳು ಕಡಿಮೆ.

ನಾನು ಎಡವಿದ್ದು ಲೆಕ್ಕಪತ್ರದಲ್ಲಿ. ಆಸ್ತಿಯ ಮೌಲ್ಯ ಏರಿತೆಂದು ಮೌಲ್ಯಮಾಪಕರು ಹೇಳಿದರೆ ಆ ಏರಿಕೆ ಆ ವರ್ಷದ ಲಾಭವಾಗಿ ದಾಖಲಾಗುತ್ತದೆ. ಒಂದು ಯೂನಿಟ್ಟೂ ಕೈ ಬದಲಾಗಿರಬೇಕಿಲ್ಲ. ಹಾಗಾಗಿಯೇ ಈ ಕಂಪನಿಗಳು 'ಅಂಡರ್‌ಲೈಯಿಂಗ್ ಪ್ರಾಫಿಟ್' ಎಂದು ಇಂಥ ಕಾಗದದ ಮೇಲಿನ ಏರಿಕೆಯನ್ನು ಬಿಟ್ಟ ಬೇರೆಯೇ ಒಂದು ಲೆಕ್ಕ ಕೊಡುತ್ತವೆ. ಅದರ ವ್ಯಾಖ್ಯೆ ಕಂಪನಿಯಿಂದ ಕಂಪನಿಗೆ ಬೇರೆಯಾದ್ದರಿಂದ ನಾನೀಗ ನೇರವಾಗಿ ನಗದಿನ ಒಳಹರಿವು-ಹೊರಹರಿವು ತೋರಿಸುವ ಕ್ಯಾಶ್ ಫ್ಲೋ ಪುಟಕ್ಕೇ ಹೋಗುತ್ತೇನೆ.

ಅಂದು ಆ ಪುಟ ತೆರೆದಾಗ ಕಂಡದ್ದು ಬೇರೆ ಕಥೆ. ಕಟ್ಟಿ ಮುಗಿದರೂ ಮಾರಾಟವಾಗದ ಯೂನಿಟ್‌ಗಳು ಸಾಲುಸಾಲು. ಕಟ್ಟಲು ತಂದ ಸಾಲ ಬೆಳೆಯುತ್ತಲೇ ಇತ್ತು. ಕಾರಣ ಹುಡುಕಲು ಕಷ್ಟಪಡಬೇಕಿರಲಿಲ್ಲ. ಇಲ್ಲಿ ಸೇರಬೇಕಾದರೆ ಹೆಚ್ಚಿನ ಹಿರಿಯರು ಮೊದಲು ತಾವಿರುವ ಮನೆ ಮಾರಬೇಕು. ನ್ಯೂಜಿಲೆಂಡ್ ರಿಸರ್ವ್ ಬ್ಯಾಂಕಿನ ಬಡ್ಡಿ ದರ 2021ರ ಅಕ್ಟೋಬರ್ ಆರಂಭದಲ್ಲಿ ಶೇ. 0.25 ಇದ್ದದ್ದು ಆಗಲೇ ಏರತೊಡಗಿತ್ತು; ಮುಂದೆ 2023ರ ಮೇ ಹೊತ್ತಿಗೆ ಶೇ. 5.5 ಮುಟ್ಟಿತು, ಮನೆ ಬೆಲೆ ಶಿಖರದಿಂದ ಶೇ. 15ಕ್ಕೂ ಹೆಚ್ಚು ಇಳಿಯಿತು. ಆ ಮನೆ ಮಾರಾಟವಾಗದೆ ಈ ಯೂನಿಟ್ ತುಂಬುವುದಿಲ್ಲ. 2023ರ ಫೆಬ್ರುವರಿಯಲ್ಲಿ ರೈಮನ್‌ನಂಥ ದೊಡ್ಡ ಕಂಪನಿಯೇ ಸಾಲ ಇಳಿಸಲು ಷೇರುದಾರರಿಂದ 90.2 ಕೋಟಿ ಡಾಲರ್ ಎತ್ತಬೇಕಾಯಿತು.

ಮೌಲ್ಯಮಾಪನವೇ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ಊಹೆಗಳ ಮೇಲೆ ನಿಂತ ಅಂದಾಜು: ಮನೆ ಬೆಲೆ ವರ್ಷಕ್ಕೆ ಎಷ್ಟು ಏರೀತು, ಡಿಸ್ಕೌಂಟ್ ದರ (ಮುಂದೆ ಬರುವ ಹಣವನ್ನು ಇಂದಿನ ಬೆಲೆಗೆ ಇಳಿಸುವ ದರ) ಎಷ್ಟು, ಒಬ್ಬರು ಸರಾಸರಿ ಎಷ್ಟು ವರ್ಷ ಇರುತ್ತಾರೆ. ವರದಿಯ ಕೊನೆಯ ಟಿಪ್ಪಣಿಗಳಲ್ಲಿ ಇವೆಲ್ಲ ಇರುತ್ತವೆ, ದರ ಅರ್ಧ ಶೇಕಡ ಬದಲಾದರೆ ಮೌಲ್ಯ ಎಷ್ಟು ಅಲುಗುತ್ತದೆ ಎಂಬುದೂ ಸೇರಿ. ಆ ಊಹೆಗಳನ್ನು ಅದೇ ವರ್ಷದ ನಿಜವಾದ ಮರುಮಾರಾಟದ ಬೆಲೆಯ ಪಕ್ಕ ಇಟ್ಟು ನೋಡುತ್ತೇನೆ. ಅಂದಹಾಗೆ, 'ಮರುಮಾರಾಟ' ಎಂದು ನಾವು ಬರೆಯುವ ಸಾಲಿನ ಹಿಂದೆ ಬಹುಪಾಲು ಒಬ್ಬರ ಸಾವು ಅಥವಾ ಆರೈಕೆ ಮನೆಗೆ ಹೊರಟ ದಿನ ಇರುತ್ತದೆ. ಮೊದಲ ಬಾರಿ ಒಂದು ವಿಲೇಜ್‌ಗೆ ಹೋಗಿ ಬಂದ ಮೇಲೆ ಆ ಅಂಕಿಯನ್ನು ಮೊದಲಿನಂತೆ ಓದಲು ನನ್ನಿಂದಾಗಿಲ್ಲ.

ಅಗ್ಗದ ಷೇರೆಲ್ಲ ಬಲೆಯೂ ಅಲ್ಲ. 2024ರಲ್ಲಿ ಸ್ಟೋನ್‌ಪೀಕ್ ಎಂಬ ಹೂಡಿಕೆ ಸಂಸ್ಥೆ ಆರ್ವಿಡಾ ಎಂಬ ವಿಲೇಜ್ ಕಂಪನಿಯನ್ನು ಷೇರಿಗೆ 1.70 ಡಾಲರ್‌ನಂತೆ, ಅಂದಿನ ಪೇಟೆ ಬೆಲೆಗಿಂತ ಬಹಳ ಹೆಚ್ಚು ಕೊಟ್ಟು ಕೊಂಡಿತು. ಕಾದವರಿಗೆ ಸಿಕ್ಕಿತು. ಆದರೆ ಕಾಯುವಷ್ಟು ಕಾಲ ಸಾಲದ ಹೊರೆ ತಡೆದುಕೊಳ್ಳಲು ಕಂಪನಿಗೂ ಶಕ್ತಿ ಇರಬೇಕಲ್ಲ? ಅಂದಿನ ವರದಿಯಲ್ಲಿ ನಾನು ಕೇಳದೇ ಬಿಟ್ಟದ್ದು ಅದನ್ನೇ. 'ಕೊಳ್ಳಬಹುದು' ಎಂಬುದನ್ನು ಹೊಡೆದುಹಾಕಿ, ಖಾಲಿ ಯೂನಿಟ್‌ಗಳ ಸಂಖ್ಯೆಯನ್ನು ಮೊದಲ ಪುಟಕ್ಕೆ ತಂದು, ಮತ್ತೆ ಬರೆದು ಕೊಟ್ಟೆ.