ಹೆಸರು ಆಮೇಲೆ, ಮೊದಲು ಏನು ತಿನ್ನುತ್ತೆ ಅಂತ ಕೇಳಿ

ಸಿರುಗುಪ್ಪ ತಾಲೂಕಿನ ಒಂದು ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ನೋಡಿಕೊಳ್ಳುತ್ತೇನೆ. ಜನ ಈಗಲೂ ಲೈಬ್ರರಿ ಅಂತಲೇ ಕರೆಯುತ್ತಾರೆ. ಶಾಲೆ ಬಿಟ್ಟ ಮೇಲೆ ಮಕ್ಕಳು ನೇರ ಇಲ್ಲಿಗೆ ಬರುತ್ತಾರೆ. ಒಳಗೆ ಓದುವುದು ಸ್ವಲ್ಪ, ಹೊರಗೆ ಕಟ್ಟೆ ಮೇಲೆ ಕೂತು ಹಕ್ಕಿ ನೋಡುವುದು ಜಾಸ್ತಿ. ಅದೂ ನನ್ನ ಕೆಲಸವೇ ಅಂತ ತಿಳಿದಿದ್ದೇನೆ. ಈ ಕೆಲಸದಲ್ಲಿ ನನಗೆ ಗಟ್ಟಿಯಾದದ್ದು ಒಂದು ವಿಷಯ. ಹಕ್ಕಿಯ ಹೆಸರು ಹೇಳಿಕೊಡುವ ಮೊದಲು ಅದು ಏನು ತಿನ್ನುತ್ತೆ ಅಂತ ಕೇಳಬೇಕು. ಮಗು ಉತ್ತರ ಹೇಳಿದರೆ, ನಿನಗೆ ಹೇಗೆ ಗೊತ್ತಾಯ್ತು ಅಂತ ಬೆನ್ನಿಗೇ ಕೇಳಬೇಕು.

ನಮ್ಮ ರಾಜ್ಯಪಕ್ಷಿ ಯಾವುದು ಅಂದರೆ ಇಡೀ ಗುಂಪು ‘ನೀಲಕಂಠ’ ಅಂತ ಕೂಗುತ್ತೆ. ಅದೇ ಹಕ್ಕಿ ಎದುರಿನ ಕರೆಂಟ್ ತಂತಿ ಮೇಲೆ ಕೂತಿದ್ದರೆ ಯಾರಿಗೂ ಗುರುತು ಸಿಗುವುದಿಲ್ಲ. ಕೂತಾಗ ಅದು ಮಾಸಲು ಕಂದು ಬಣ್ಣ. ರೆಕ್ಕೆ ಬಿಚ್ಚಿದಾಗಲೇ ಆ ನೀಲಿ ಕಾಣುವುದು. ಹೆಸರು ಹೇಳದೆ, ಅದು ಅಷ್ಟೊತ್ತು ಅಲ್ಲಿ ಯಾಕೆ ಕೂತಿದೆ ನೋಡ್ರೋ ಅಂದೆ. ಹೊಲಕ್ಕೆ ಧುಮುಕಿ ಮಿಡತೆ ಹಿಡಿದುಕೊಂಡು ಮತ್ತೆ ತಂತಿಗೆ ಬಂತು. ‘ಅಕ್ಕೋರೆ, ಒಳಗೆಲ್ಲಾ ನೀಲಿ ಐತಿ!’ ಅಂತ ಒಬ್ಬ ಹುಡುಗಿ ಎದ್ದು ನಿಂತಳು. ಹೆಸರು ಆಗ ತಾನಾಗಿಯೇ ಬಂತು. ಭತ್ತದ ಗದ್ದೆ ಕೆಸರು ಮಾಡುವ ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿ ಯಾಕೆ ಸಾಲಾಗಿ ನಡೆಯುತ್ತವೆ ಅನ್ನುವುದಕ್ಕೂ ಇದೇ ದಾರಿ. ಕಪ್ಪೆ, ಹುಳ ಮೇಲೆ ಬರುವುದನ್ನು ಮಕ್ಕಳೇ ನೋಡಿ ಹೇಳಿದರು.

ಬಾವಲಿ ವಿಷಯ ಇಷ್ಟು ಸುಲಭ ಇರಲಿಲ್ಲ. ಅಲ್ಲಿ ಮೊದಲು ಬರುವುದು ಭಯ. ‘ಅದು ರಕ್ತ ಕುಡಿತೈತಂತ, ಕೂದ್ಲಾಗ ಸಿಕ್ಕೊಳ್ತೈತಂತ, ಮನಿಯೊಳಗ ಬಂದ್ರ ಕೆಟ್ಟದಾಗ್ತೈತಂತ.’ ಇದರಲ್ಲಿ ಕೊನೆಯದು ಅಜ್ಜಿಯರ ಮಾತು. ಅದನ್ನು ಮೂಢನಂಬಿಕೆ ಅಂತ ಮಕ್ಕಳ ಮುಂದೆ ತಳ್ಳಿಹಾಕಬಾರದು ಅನ್ನುವುದು ನನ್ನ ಅಭಿಪ್ರಾಯ. ಮಗು ಸಂಜೆ ಹೋಗಿ ಮಲಗುವುದು ಆ ಅಜ್ಜಿ ಪಕ್ಕದಲ್ಲೇ ಅಲ್ವಾ? ಇಬ್ಬರ ನಡುವೆ ಜಗಳ ಹಚ್ಚಿ ನನಗೇನು ಸಿಗುತ್ತೆ? ನಾನು ಮತ್ತೆ ಅದೇ ಪ್ರಶ್ನೆ ಕೇಳಿದೆ. ಸರಿ, ಅದು ಏನು ತಿನ್ನುತ್ತೆ, ಪುರಾವೆ ತನ್ನಿ.

ಬೇವಿನ ಹಣ್ಣಿನ ಕಾಲ ಅದು. ಹಗಲು ಬಾವಲಿಗಳು ತೂಗಾಡುವ ದೊಡ್ಡ ಮರದಿಂದ ದೂರ ನಿಂತು ನೋಡಿದೆವು. ರಾತ್ರಿ ಅವು ಬಂದು ಹೋಗುವ ಬೇವಿನ ಮರಗಳ ಕೆಳಗೆ ಬೀಜದ ರಾಶಿ ಬಿದ್ದಿತ್ತು. ಬೇರೆ ಕಡೆ ಜಗಿದು ಉಗುಳಿದ ನಾರಿನ ಸಣ್ಣ ಉಂಡೆಗಳು. ಹಣ್ಣನ್ನು ಚೆನ್ನಾಗಿ ಜಗಿದು, ರಸ ನುಂಗಿ, ನಾರು ಉಗುಳುವುದು ಈ ದೊಡ್ಡ ಬಾವಲಿಗಳ ರೀತಿ. ಮಕ್ಕಳು ಅದನ್ನು ನೋಡಿ ಸುಮ್ಮನಾದರು. ರಕ್ತ ಕುಡಿಯುವ ಬಾವಲಿಗಳು ನಿಜವಾಗಿಯೂ ಇವೆ, ಆದರೆ ಅವು ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ ಅಂತ ಆಮೇಲೆ ಭೂಪಟ ತೆಗೆದು ತೋರಿಸಿದೆ. ಪುರಾವೆ ನೋಡಿದ ಮೇಲೆ ಭೂಪಟ ತೆಗೆದಿದ್ದಕ್ಕೇ ಅದು ತಲೆಯಲ್ಲಿ ಉಳಿಯಿತು.

ಇಲ್ಲಿ ಒಂದು ನಿಯಮದಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ಬಾವಲಿಯನ್ನಾಗಲಿ, ಅದು ಉಗುಳಿದ್ದನ್ನಾಗಲಿ ಮುಟ್ಟಬಾರದು. ಕೆಳಗೆ ಬಿದ್ದ ಮರಿ ಕಂಡರೆ ದೊಡ್ಡವರಿಗೆ ಹೇಳಬೇಕು. ಕಚ್ಚಿದ ಗುರುತಿರುವ ಹಣ್ಣು ತಿನ್ನಬಾರದು. ಬಂದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. 2018ರಲ್ಲಿ ಕೇರಳದಲ್ಲಿ ಬಾವಲಿಯಿಂದ ಹರಡಬಲ್ಲ ನಿಪಾ ರೋಗ ಬಂದಾಗಿನ ಸುದ್ದಿ ಪಾಲಕರಿಗೆ ಇನ್ನೂ ನೆನಪಿದೆ. ಅವರ ಆತಂಕ ಸುಳ್ಳಲ್ಲ. ಅದಕ್ಕೇ ಹೊರಡುವ ಮೊದಲು ಮನೆಯವರಿಗೆ ಈ ನಿಯಮ ಹೇಳಿ, ಒಪ್ಪಿಗೆ ಪಡೆಯುತ್ತೇನೆ. ಮರ ಕಡಿಯಿರಿ, ಹೊಗೆ ಹಾಕಿ ಓಡಿಸಿ ಅನ್ನುವವರಿಗೆ ಮಾತ್ರ ನಾನು ಒಪ್ಪುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಹಣ್ಣು ತಿನ್ನುವ ಬಾವಲಿಯನ್ನು ಕಾಗೆ, ಇಲಿಗಳ ಜೊತೆ ಪೀಡೆಯ ಪಟ್ಟಿಗೆ ಸೇರಿಸಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ಈ ದೊಡ್ಡ ಬಾವಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಹಾಕುವುದು ಒಂದೇ ಮರಿ. ಒಂದು ಮರ ಹೋದರೆ ಆಗುವ ನಷ್ಟ ಬೇಗ ತುಂಬುವಂಥದ್ದಲ್ಲ.

ಮರಿ, ಹಾಲು ಅಂದಾಗಲೇ ಮಕ್ಕಳು ನಿಜವಾಗಿ ಹತ್ತಿರ ಬಂದರು. ‘ಹಾಲು ಕುಡಿಸ್ತೈತಾ? ಹಂಗಾರ ಹಕ್ಕಿ ಅಲ್ಲ?’ ಉತ್ತರ ಹೇಳದೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ರೆಕ್ಕೆ ಬರೆದೆ. ಹಕ್ಕಿಯದರಲ್ಲಿ ಗರಿ. ಬಾವಲಿಯದರಲ್ಲಿ ಉದ್ದುದ್ದ ನಾಲ್ಕು ಬೆರಳು, ಛತ್ರಿ ಕಡ್ಡಿಗಳ ಹಾಗೆ, ನಡುವೆ ತೊಗಲು. ಹೆಬ್ಬೆರಳು ಮಾತ್ರ ಬಿಡಿ, ತುದಿಗೆ ಉಗುರು. ಎಲ್ಲರೂ ತಮ್ಮ ಕೈ ಅಗಲಿಸಿ ನೋಡಿಕೊಂಡರು. ದೊಡ್ಡ ಬಾವಲಿಯ ರೆಕ್ಕೆ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದು ಮೀಟರ್‌ಗಿಂತ ಜಾಸ್ತಿ. ಟೇಪು ಹಿಡಿದು ಅಷ್ಟುದ್ದ ನೆಲದ ಮೇಲೆ ಅಳೆದಾಗ ನಾಲ್ಕನೇ ಕ್ಲಾಸಿನ ಹುಡುಗ ತೋಳು ಚಾಚಿ ‘ನನ್ನಷ್ಟೇ ಐತಿ’ ಅಂದ.

ಬಾವಲಿ ಕುರುಡು ಅನ್ನುವ ಮಾತೂ ಹೋಗಬೇಕಿತ್ತು. ಬೀದಿ ದೀಪದ ಸುತ್ತ ಹುಳ ಹಿಡಿಯುವ ಸಣ್ಣವು ಕೂಗಿನ ಪ್ರತಿಧ್ವನಿ ಕೇಳಿ ದಾರಿ ಹಿಡಿಯುತ್ತವೆ. ಮರದಲ್ಲಿರುವ ದೊಡ್ಡವಕ್ಕೆ ಆ ವಿದ್ಯೆ ಇಲ್ಲ. ಅವಕ್ಕೆ ದೊಡ್ಡ ಕಣ್ಣು, ಚುರುಕು ಮೂಗು.

ಊರಿನ ಹಿರಿಯರನ್ನು ಕರೆಸುವುದನ್ನು ಮಾತ್ರ ಯಾರೂ ಬಿಡಬೇಡಿ. ಕುರಿ ಕಾಯ್ದು ವಯಸ್ಸಾದ ಒಬ್ಬ ಅಜ್ಜ ಬಂದು ಎರೆಹೊಲದಲ್ಲಿ ತಾನು ಕಂಡ ಎರೆಬೂತದ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ಕಥೆ ಹೇಳಿದರು. ಬಯಲಲ್ಲಿ, ಬರೀ ನೆಲದ ಮೇಲೆ, ಹೆಚ್ಚಾಗಿ ಒಂದೇ ಮೊಟ್ಟೆ ಇಡುವ ಹಕ್ಕಿ ಅದು. ‘ಅಜ್ಜಾ, ಅದು ಏನ್ ತಿಂತಿತ್ತು?’ ಅಂತ ಮಕ್ಕಳು ನಾನು ಬಾಯಿ ತೆರೆಯುವ ಮೊದಲೇ ಕೇಳಿದರು. ‘ಮಿಡಚಿ, ಹುಳ, ಕಾಳು. ಈಗ ಎಲ್ಲಾ ಕಡೆ ನೀರಾವರಿ ಆತು, ಬಯಲೇ ಇಲ್ಲಲ್ಲಪಾ’ ಅಂದರು ಅಜ್ಜ.

ಈಗ ಬಾಗಿಲ ಬಳಿ ಒಂದು ನೋಟ್‌ಬುಕ್ ದಾರ ಕಟ್ಟಿ ತೂಗುಹಾಕಿದ್ದೇನೆ. ಏನು ಕಂಡೆ, ಎಲ್ಲಿ, ಏನು ತಿನ್ನುತ್ತಿತ್ತು ಅಂತ ಮೂರು ಕಾಲಂ. ಹೆಸರಿಗೆ ಕಾಲಂ ಇಲ್ಲ, ಗೊತ್ತಿದ್ದವರು ಪಕ್ಕದಲ್ಲಿ ಬರೆಯುತ್ತಾರೆ. ಮೊನ್ನೆ ಯಾರೋ ಹೊಸ ಪ್ರಶ್ನೆ ಬರೆದಿದ್ದಾರೆ, ಬಾವಲಿ ನೀರು ಹೇಗೆ ಕುಡಿಯುತ್ತೆ ಅಂತ. ದೊಡ್ಡ ಬಾವಲಿ ಹಾರುತ್ತಲೇ ಎದೆ, ಹೊಟ್ಟೆ ನೀರಿಗೆ ತಾಗಿಸಿ, ಆಮೇಲೆ ಕೂದಲು ನೆಕ್ಕಿ ಕುಡಿಯುತ್ತೆ ಅಂತ ನನಗೆ ಗೊತ್ತು. ಇನ್ನೂ ಹೇಳಿಲ್ಲ. ಬೇಸಿಗೆ ರಜೆಯಲ್ಲಿ, ಪಾಲಕರ ಜೊತೆ, ಸಂಜೆ ಕೆರೆ ದಂಡೆಗೆ ಕರೆದುಕೊಂಡು ಹೋಗುವುದಿದೆ.