ದಾರಿಯ ಮರಗಳೆಲ್ಲ ನಿನ್ನವು

ನಮ್ಮ ಫಿಲಾಸಫಿ ಮೇಷ್ಟ್ರ ಹೆಸರು ಬರೆಯುವುದಿಲ್ಲ. 1980ರ ದಶಕದಲ್ಲಿ ನಮ್ಮ ಕಾಲೇಜಿನಲ್ಲಿ ಓದಿದವರಿಗೆ 'ವಾಕಿಂಗ್ ಮೇಷ್ಟ್ರು' ಅಂದರೆ ಸಾಕು. ನಮ್ಮ ವರ್ಷ ತತ್ವಶಾಸ್ತ್ರಕ್ಕೆ ಸೇರಿದ್ದವರು ಏಳೇ ಜನ. ಅದರಲ್ಲಿ ಇಬ್ಬರು ಬೇರೆಲ್ಲೂ ಸೀಟು ಸಿಗದೆ ಬಂದವರು. ಅವರಲ್ಲೊಬ್ಬ ನಾನು.

ಮೇಷ್ಟ್ರಿಗೆ ನಾನು ಹತ್ತಿರವಾದದ್ದು ಒಂದು ಪೆದ್ದು ಮಾತಿನಿಂದ. ಒಂದು ಸಂಜೆ ಕಾಲೇಜಿನ ಹಿಂದಿನ ರಸ್ತೆಯಲ್ಲಿ ಅವರ ಜೊತೆ ನಡೆಯುತ್ತಿದ್ದೆ. ಪೇಪರಿನಲ್ಲಿ ಬಂದಿದ್ದ ಒಂದು ಜಾತಿ ಗಲಾಟೆಯ ಮಾತು ಬಂತು. "ನಮ್ಮೂರಲ್ಲಿ ಅಂಥದ್ದೆಲ್ಲ ಇಲ್ಲ ಸರ್, ನಮ್ಮ ಜನ ಒಳ್ಳೇವ್ರು" ಅಂದೆ. ಅವರು ನಿಂತುಬಿಟ್ಟರು. "ನಿಮ್ಮೂರ ಟೀ ಅಂಗಡೀಲಿ ಲೋಟ ಎಲ್ಲೆಲ್ಲಿ ಇಡ್ತಾರೆ, ನೋಡಿದ್ದೀಯೇನಯ್ಯ?" ನೋಡಿರಲಿಲ್ಲ. ಆಮೇಲೆ ಅವರು ಒಂದು ಮಾತೂ ಆಡದೆ ಮನೆ ಕಡೆ ತಿರುಗಿದರು.

ಮುಂದಿನ ಕ್ಲಾಸಿನಲ್ಲಿ ಸಿಲಬಸ್ ಪಕ್ಕಕ್ಕಿಟ್ಟು ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಮತ್ತು ಅವರ ಶಿಷ್ಯ ನಾರ್ಮನ್ ಮಾಲ್ಕಂ ಕತೆ ತೆಗೆದರು. ಮಾಲ್ಕಂ ಅಮೆರಿಕದ ಹುಡುಗ. 1938ರಲ್ಲಿ ಓದಲು ಕೇಂಬ್ರಿಜ್‌ಗೆ ಬಂದ. ವಿಟ್‌ಗೆನ್‌ಸ್ಟೈನ್ ಅವನಿಗಿಂತ ಇಪ್ಪತ್ತೆರಡು ವರ್ಷ ದೊಡ್ಡವರು. ಟ್ರಿನಿಟಿ ಕಾಲೇಜಿನ ಅವರ ರೂಮಿನಲ್ಲಿ ಕೂರಲು ಮಡಚುವ ಕ್ಯಾನ್ವಾಸ್ ಕುರ್ಚಿ. ಪಾಠಕ್ಕೆ ಕೈಯಲ್ಲಿ ನೋಟ್ಸ್ ಇಲ್ಲ. ಮಾತಿನ ನಡುವೆ ಎಷ್ಟೋ ಹೊತ್ತು ಸುಮ್ಮನಾಗಿಬಿಡುವರು. ಯಾರೂ ಕೆಮ್ಮುವ ಹಾಗಿಲ್ಲ. ಪಾಠ ಮುಗಿದ ಮೇಲೆ ಸುಸ್ತಾಗಿ ಯಾರಾದರೂ ಶಿಷ್ಯನನ್ನು ಕರೆದುಕೊಂಡು ಸಿನಿಮಾಕ್ಕೆ ಓಟ. ಅದೂ ಮುಂದಿನ ಸಾಲು! ಗಾಂಧಿ ಕ್ಲಾಸ್ ಗಿರಾಕಿಗಳಾಗಿದ್ದ ನಮಗೆ ಇದು ಭಾರೀ ಖುಷಿ ಕೊಟ್ಟಿತು.

1939ರಲ್ಲಿ ಇಬ್ಬರೂ ನದಿ ದಂಡೆಯಲ್ಲಿ ನಡೆಯುತ್ತಿದ್ದಾಗ ಪೇಪರ್ ಮಾರುವವನ ಬೋರ್ಡು ಕಂಡಿತು. ಹಿಟ್ಲರನನ್ನು ಬಾಂಬಿಟ್ಟು ಕೊಲ್ಲಲು ಬ್ರಿಟಿಷರು ಸಂಚು ಮಾಡಿದರು ಅಂತ ಜರ್ಮನ್ ಸರ್ಕಾರದ ಆರೋಪ. ಇರಬಹುದು, ನನಗೇನೂ ಆಶ್ಚರ್ಯವಿಲ್ಲ ಅಂದರು ವಿಟ್‌ಗೆನ್‌ಸ್ಟೈನ್. ಛೆ, ಬ್ರಿಟಿಷರು ಸಭ್ಯರು, ಇದು ಅವರ ರಾಷ್ಟ್ರೀಯ ಗುಣಕ್ಕೆ ಒಗ್ಗುವ ಕೆಲಸವೇ ಅಲ್ಲ ಅಂದ ಮಾಲ್ಕಂ. ಅಷ್ಟಕ್ಕೇ ಗುರುಗಳಿಗೆ ಕೆಂಡದಂಥ ಕೋಪ. ಪಾಠಕ್ಕೆ ಮುಂಚೆ ಅವನ ಜೊತೆ ವಾಕಿಂಗ್ ಹೋಗುವುದನ್ನೇ ಬಿಟ್ಟರು. ಐದು ವರ್ಷ ಆದರೂ ಅವರು ಅದನ್ನು ಮರೆಯಲಿಲ್ಲ. 1944ರಲ್ಲಿ, ಮಾಲ್ಕಂ ಅಮೆರಿಕದ ನೌಕಾಪಡೆಯಲ್ಲಿದ್ದಾಗ, ಕಾಗದ ಬರೆದರು. ತರ್ಕದ ಕಗ್ಗಂಟುಗಳ ಬಗ್ಗೆ ಜಾಣತನದಿಂದ ಮಾತಾಡುವುದನ್ನಷ್ಟೇ ಕಲಿಸಿ, ದಿನನಿತ್ಯದ ದೊಡ್ಡ ಪ್ರಶ್ನೆಗಳಲ್ಲಿ ನಿನ್ನ ಯೋಚನೆಯನ್ನು ತಿದ್ದದಿದ್ದರೆ, ಫಿಲಾಸಫಿ ಓದಿ ಏನುಪಯೋಗ ಎಂಬ ಅರ್ಥದ ಮಾತು ಅದರಲ್ಲಿತ್ತು.

ಮೇಷ್ಟ್ರು ನನ್ನ ಕಡೆ ನೋಡಲೇ ಇಲ್ಲ. ಆದರೆ ಕಿವಿ ಬಿಸಿಯಾದದ್ದು ನನ್ನದೊಬ್ಬನದೇ.

ದಸರಾ ರಜೆಗೆ ಊರಿಗೆ ಹೋದೆ. ಟೀ ಅಂಗಡಿಯ ಹೊರಗೆ, ಸೂರಿನ ಸಂದಿಯಲ್ಲಿ, ನಾಲ್ಕು ಲೋಟ ಸಿಕ್ಕಿಸಿದ್ದರು. ಕುಡಿದವರೇ ತೊಳೆದು ಅಲ್ಲೇ ಇಡಬೇಕು. ನಮ್ಮನೆ ಹಿತ್ತಲಲ್ಲೂ ಒಂದು ತೆಂಗಿನ ಚಿಪ್ಪು ಇತ್ತು. ಅದು ಯಾರಿಗೆ ಅಂತ ಅಮ್ಮನನ್ನು ಕೇಳಿದೆ. "ಕೆಲಸದೋರಿಗೆ, ಇನ್ಯಾರಿಗೆ?" ಅಂದರು, ಅಕ್ಕಿ ಆರಿಸುತ್ತಲೇ.

ಬಂದು ಮೇಷ್ಟ್ರಿಗೆ ಹೇಳಿದೆ. ಉಪ್ಪಿಟ್ಟು ತಿನ್ನಿಸಿದರು. ಯಾವಾಗ ಹೋದರೂ ಅದೇ ಉಪ್ಪಿಟ್ಟು. ಅದಕ್ಕೂ ವಿಟ್‌ಗೆನ್‌ಸ್ಟೈನ್ ಸಾಕ್ಷಿ. 1949ರಲ್ಲಿ ಮಾಲ್ಕಂ ಮನೆಗೆ, ಅಮೆರಿಕದ ಇಥಾಕಾಕ್ಕೆ, ಹೋಗಿದ್ದಾಗ, ದಿನಾ ಒಂದೇ ಥರ ಇದ್ದರೆ ಏನು ಬಡಿಸಿದರೂ ಸರಿ ಅಂದು ಬ್ರೆಡ್ಡು ಚೀಸ್ ತಿಂದುಕೊಂಡೇ ಇದ್ದರಂತೆ. ಮೇಷ್ಟ್ರ ಹೆಂಡತಿಗೆ ಈ ಕತೆ ಅಷ್ಟೇನೂ ಇಷ್ಟವಿರಲಿಲ್ಲ.

ಆ ಸಂಜೆ ಮತ್ತೆ ವಾಕಿಂಗ್ ಹೊರಟೆವು. ವಿಟ್‌ಗೆನ್‌ಸ್ಟೈನ್ ಒಂದು ವಾಕಿಂಗಿನಲ್ಲಿ ದಾರಿಯ ಒಂದೊಂದು ಮರವನ್ನೂ ಮಾಲ್ಕಂಗೆ 'ದಾನ' ಕೊಟ್ಟಿದ್ದರಂತೆ. ಷರತ್ತು ಇಷ್ಟೆ: ಕಡಿಯಬಾರದು, ಏನೂ ಮಾಡಬಾರದು, ಹಳೇ ಮಾಲೀಕರು ಏನು ಮಾಡಿದರೂ ತಡೆಯಬಾರದು. ಮೇಷ್ಟ್ರು ಕೊಡೆಯ ತುದಿಯಿಂದ ಮಳೆಮರವೊಂದನ್ನು ಮುಟ್ಟಿದರು. "ಇದು ನಿಂದು. ಅದೂ ನಿಂದೇ." ಸರ್ಕಲ್ ಬರುವಷ್ಟರಲ್ಲಿ ನನ್ನ ಹತ್ತಿರ ಮೂವತ್ತೊಂದು ಮರ.

ಎಷ್ಟೋ ವರ್ಷ ಆದ ಮೇಲೆ ಆ ರಸ್ತೆ ಅಗಲ ಮಾಡಲು ಶುರುಮಾಡಿದರು. ಮೇಷ್ಟ್ರು ಆಗ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಫೋನ್ ಮಾಡಿ, "ಸರ್, ನನ್ನ ಮರ ಕಡೀತಿದ್ದಾರೆ" ಅಂದೆ.

"ಷರತ್ತು ನೆನಪಿದೆ ತಾನೆ?" ಅಂದರು. ಸ್ವಲ್ಪ ಹೊತ್ತು ಮಾತಿಲ್ಲ. "ಎಷ್ಟು ಉಳಿದಿವೆ?"

"ಗೊತ್ತಿಲ್ಲ ಸರ್. ಪೇಪರಲ್ಲಿ ಓದಿದೆ ಅಷ್ಟೆ."

"ಹೋಗಿ ನೋಡಿ ಬಾರಯ್ಯ."

ಭಾನುವಾರ ಬಸ್ಸು ಹತ್ತಿ ಹೋದೆ. ಹನ್ನೊಂದಿದ್ದವು.