ಕಾನ್ಫಿಗರ್ ನಿಂತರೆ ನಿಲ್ಲಲಿ ಬಿಡಿ

ಸೋರ್ಸ್‌ನಿಂದ, ಅಂದರೆ ಮೂಲ ಕೋಡಿನಿಂದ, ಒಂದು ತಂತ್ರಾಂಶ ಕಟ್ಟುವಾಗ, ಬೇಕಾದ ಸಾಮಾನೆಲ್ಲ ಯಂತ್ರದಲ್ಲಿ ಇದೆಯೇ ಅಂತ ಮೊದಲು ನೋಡುವ ಕಾನ್ಫಿಗರ್ ಅರ್ಧಕ್ಕೆ ನಿಂತು ‘ಇಂಥದ್ದು ಸಿಗಲಿಲ್ಲ’ ಅಂದರೆ ನನಗೆ ಎಷ್ಟೋ ಸಮಾಧಾನ. ಏನು ಬೇಕು ಅಂತ ಬಾಯಿಬಿಟ್ಟು ಹೇಳಿತಲ್ಲ, ತಂದು ಹಾಕಿದರಾಯಿತು. ನನಗೆ ಭಯ ಇರುವುದು ಏನೂ ಹೇಳದೆ ಕೊನೆಯವರೆಗೂ ಓಡಿ, ನಿಜವಾಗಿ ಕಟ್ಟುವ ‘ಮೇಕ್’ ಮುಗಿದು, ಇನ್‌ಸ್ಟಾಲ್ ಕೂಡ ಆಗಿ, ಗಿರಾಕಿ ಎದುರಿಗೆ ಕೂತಾಗ ಕೈಕೊಡುವ ತಂತ್ರಾಂಶದ ಮೇಲೆ.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಮಂಡಿಪೇಟೆ ಅಂಗಡಿಗಳ ಬಿಲ್ ಪುಸ್ತಕ, ಜಾತ್ರೆಯ ಕರಪತ್ರ ಇವೇ ದಿನದ ಕೆಲಸ. ಈಚೆಗೆ ಹಳೆಯ ಪುಟಗಳನ್ನು ಸ್ಕ್ಯಾನ್ ಮಾಡಿ ಯೂನಿಕೋಡ್ ಪಠ್ಯ ಮಾಡಿಕೊಡುವ ಕೆಲಸವೂ ಬರುತ್ತಿದೆ. ಹರಿಹರದ ನಿವೃತ್ತ ಮೇಷ್ಟ್ರೊಬ್ಬರು 1960ರ ದಶಕದ ಶಾಲಾ ವಾರ್ಷಿಕ ಸಂಚಿಕೆಗಳ ಕಂತೆ ತಂದುಕೊಟ್ಟಿದ್ದಾರೆ. ಎಲ್ಲ ಅಚ್ಚುಮೊಳೆ ಜೋಡಿಸಿ ಮುದ್ರಿಸಿದವು. ಮೊಳೆ ಸವೆದಿರುವುದರಿಂದ ಕೆಲವು ಕಡೆ ಒತ್ತಕ್ಷರ ಮೇಲಿನ ಅಕ್ಷರಕ್ಕೆ ಅಂಟಿಕೊಂಡಿದೆ, ಕೆಲವು ಕಡೆ ಅರ್ಧವೇ ಮೂಡಿದೆ. ಇಂಥ ಪುಟಗಳಿಗೆ ನಾನು ನಂಬಿರುವುದು ಚಿತ್ರದಲ್ಲಿರುವ ಅಕ್ಷರ ಓದಿ ಪಠ್ಯ ಮಾಡಿಕೊಡುವ ಟೆಸರಾಕ್ಟ್ ತಂತ್ರಾಂಶವನ್ನು. 1985ರಿಂದ 1994ರವರೆಗೆ ಎಚ್‌ಪಿ ಕಂಪನಿಯಲ್ಲಿ ಬೆಳೆದು, 2005ರಲ್ಲಿ ಮುಕ್ತ ತಂತ್ರಾಂಶವಾಗಿ, 2006ರಿಂದ ವರ್ಷಗಟ್ಟಲೆ ಗೂಗಲ್ ಆಸರೆಯಲ್ಲಿ ಮುಂದುವರಿದದ್ದು ಅದು. ಕನ್ನಡಕ್ಕೆ ಅದರಲ್ಲಿ ಸಿದ್ಧ ದತ್ತಾಂಶ ಇದೆ.

ಅಂಗಡಿಯ ಯಂತ್ರದಲ್ಲಿರುವುದು ಉಬುಂಟು 22.04 ಎಂಬ ಲಿನಕ್ಸ್. ಅದರ ಜೊತೆಗೆ ಬರುವುದು ಟೆಸರಾಕ್ಟ್ 4.1.1. ನನಗೆ 5 ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಈ ಹಳೆಯ ಮೊಳೆಗಳ ಅಚ್ಚನ್ನು ಅದಕ್ಕೆ ಕಲಿಸುವ ತರಬೇತಿ ಉಪಕರಣಗಳು ಬೇಕಿದ್ದವು. ಹಾಗಾಗಿ ಸೋರ್ಸ್ ಇಳಿಸಿಕೊಂಡು ಕಟ್ಟಿದೆ. ಅದನ್ನು ನೋಡಿ ಪಕ್ಕದ ಮನೆಯ ಪಾಲಿಟೆಕ್ನಿಕ್ ಹುಡುಗನೂ ತನ್ನ ಲ್ಯಾಪ್‌ಟಾಪ್‌ನಲ್ಲಿ ಕಟ್ಟಲು ಕೂತ. ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದ.

“ಅಕ್ಕಾ, ಲೆಪ್ಟೋನಿಕಾ ಹಾಕೀನಿ. ಆದ್ರೂ ಇಲ್ಲ ಅಂತೈತೆ ನೋಡ್ರಿ.”

ಲೆಪ್ಟೋನಿಕಾ ಅಂದರೆ ಟೆಸರಾಕ್ಟ್‌ಗೆ ಚಿತ್ರ ಓದಿಕೊಡುವ ಲೈಬ್ರರಿ, ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡು. ಅವನು ಅದನ್ನು ಹಾಕಿದ್ದು ನಿಜವೇ. ಆದರೆ ಹಾಕಿದ್ದು ಓಡಿಸಲು ಬೇಕಾದ ಪ್ಯಾಕೇಜ್ ಮಾತ್ರ. ಡೆಬಿಯನ್, ಉಬುಂಟುಗಳಲ್ಲಿ ಒಂದು ಲೈಬ್ರರಿ ಎರಡು ತುಂಡಾಗಿ ಬರುತ್ತದೆ. ಆಗಲೇ ಕಟ್ಟಿರುವ ತಂತ್ರಾಂಶ ಓಡಲು ಬೇಕಾದ ಫೈಲ್ ಒಂದರಲ್ಲಿರುತ್ತದೆ. ಹೊಸದಾಗಿ ಕಟ್ಟಲು ಬೇಕಾದ ಹೆಡರ್‌ಗಳು (ಲೈಬ್ರರಿಯಲ್ಲಿ ಏನೇನಿದೆ ಅಂತ, ಕೋಡನ್ನು ಯಂತ್ರಭಾಷೆಗೆ ತರುವ ಕಂಪೈಲರ್‌ಗೆ ಹೇಳುವ ಫೈಲುಗಳು), ತುಂಡುಗಳನ್ನು ಜೋಡಿಸುವ ಲಿಂಕರ್ ಹುಡುಕುವ ಕೊಂಡಿ, ಜೊತೆಗೆ ಪಿಸಿ ಎಂಬ ಬಾಲವಿರುವ ಪುಟ್ಟ ಮಾಹಿತಿ ಫೈಲ್, ಇವೆಲ್ಲ ಹೆಸರಿನ ಕೊನೆಗೆ ‘ಡೆವ್’ ಇರುವ ಇನ್ನೊಂದರಲ್ಲಿ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಅದೇ ‘ಡೆವೆಲ್’. ಪುಸ್ತಕ ಓದುವವನಿಗೆ ಪ್ರತಿ ಸಾಕು, ಮತ್ತೆ ಅಚ್ಚು ಹಾಕುವವನಿಗೆ ಮೊಳೆಪೆಟ್ಟಿಗೆಯೇ ಬೇಕು. ಸೋರ್ಸ್ ಕಟ್ಟುವಾಗ ಬರುವ ‘ಇಲ್ಲ’ಗಳಲ್ಲಿ ಬಹುಪಾಲು ಈ ಡೆವ್ ಪ್ಯಾಕೇಜ್ ಹಾಕಿದರೆ ತೀರುತ್ತವೆ.

ತೊಡಕಾಗುವುದು ಹೆಸರುಗಳಿಂದ. ಲೆಪ್ಟೋನಿಕಾವನ್ನೇ ನೋಡಿ. ಉಬುಂಟುವಿನಲ್ಲಿ ಪ್ಯಾಕೇಜ್ ಹೆಸರು ಲಿಬ್‌ಲೆಪ್ಟೋನಿಕಾ-ಡೆವ್. ಆ ಪಿಸಿ ಫೈಲು ಓದಿ ಲೈಬ್ರರಿ ಎಲ್ಲಿದೆ ಅಂತ ಹೇಳುವ ಪಿಕೆಜಿ-ಕಾನ್ಫಿಗ್ ಅದನ್ನು ಬರೀ ‘ಲೆಪ್ಟ್’ ಅಂತ ಕೇಳುತ್ತದೆ. ಸಿ ಕೋಡು ಕೇಳುವ ಹೆಡರ್ ‘ಆಲ್‌ಹೆಡರ್ಸ್’. 22.04ರಲ್ಲಿ ಲೈಬ್ರರಿ ಫೈಲು ಲಿಬ್‌ಲೆಪ್ಟ್. ಸಾಮಾನು ಒಂದೇ, ಆದರೆ ಕೇಳುವವರು ಯಾರು ಅನ್ನುವುದರ ಮೇಲೆ ಹೆಸರು ಬದಲಾಗುತ್ತದೆ. ಅದಕ್ಕೇ ಎರರ್ ಬಂದಾಗ ನಾನು ಮೊದಲು ನೋಡುವುದು ಕೇಳುತ್ತಿರುವವರು ಯಾರು ಅಂತ. ಕಂಪೈಲರ್ ‘ನೋ ಸಚ್ ಫೈಲ್’ ಅಂದರೆ ಬೇಕಿರುವುದು ಹೆಡರ್. ಲಿಂಕರ್ ‘ಕೆನಾಟ್ ಫೈಂಡ್’ ಅಂದರೆ ಲೈಬ್ರರಿ ಫೈಲು. ಪಿಕೆಜಿ-ಕಾನ್ಫಿಗ್ ಹೆಸರು ಕಂಡರೆ ಆ ಪಿಸಿ ಫೈಲು. ಆಮೇಲೆ ಆ್ಯಪ್ಟ್-ಫೈಲ್ ಎಂಬ ಹುಡುಕುವ ಉಪಕರಣ ಹಾಕಿಕೊಂಡು, ಒಮ್ಮೆ ಅಪ್‌ಡೇಟ್ ಕೊಟ್ಟು, ಸಿಗದ ಫೈಲಿನ ಹೆಸರನ್ನೇ ಹುಡುಕಿಸಿದರೆ ಅದು ಯಾವ ಪ್ಯಾಕೇಜ್‌ನಲ್ಲಿದೆ ಅಂತ ಹೇಳುತ್ತದೆ. ಪ್ಯಾಕೇಜ್ ಹೆಸರು ಊಹಿಸುತ್ತಾ ಕೂರುವ ಕೆಲಸವೇ ಇಲ್ಲ. ಫೆಡೋರಾದವರಿಗೆ ಇನ್ನೂ ಸುಲಭ: ಅಲ್ಲಿ ಪ್ಯಾಕೇಜ್ ಹಾಕುವ ಡಿಎನ್‌ಎಫ್‌ಗೆ ಪಿಕೆಜಿ-ಕಾನ್ಫಿಗ್ ಹೆಸರನ್ನೇ ಕೊಟ್ಟರೆ ಪ್ಯಾಕೇಜ್ ತಾನೇ ಪತ್ತೆ ಮಾಡುತ್ತದೆ.

ಇನ್ನೊಂದು ಹತ್ತಿರದ ದಾರಿ, ಉಬುಂಟುವಿನಲ್ಲಿ ಪ್ಯಾಕೇಜ್ ಹಾಕುವ ಆ್ಯಪ್ಟ್‌ನ ‘ಬಿಲ್ಡ್-ಡೆಪ್’ ಆದೇಶ. ನಿಮ್ಮ ಡಿಸ್ಟ್ರೋದಲ್ಲಿ, ಅಂದರೆ ನೀವು ಬಳಸುವ ಲಿನಕ್ಸ್‌ನಲ್ಲಿ, ಅದೇ ತಂತ್ರಾಂಶದ ಹಳೆಯ ಆವೃತ್ತಿ ಇದ್ದರೆ, ಅದನ್ನು ಕಟ್ಟಲು ಏನೇನು ಬೇಕೋ ಅಷ್ಟನ್ನೂ ಒಂದೇ ಏಟಿಗೆ ತರುತ್ತದೆ. ಆ್ಯಪ್ಟ್ ಎಲ್ಲೆಲ್ಲಿಂದ ತರಬೇಕೆಂಬ ಪಟ್ಟಿಯಲ್ಲಿ ಸೋರ್ಸ್ ಸಾಲುಗಳು ತೆರೆದಿರಬೇಕು ಅಷ್ಟೇ. ಉಬುಂಟು 24.04ರಲ್ಲಿ ಅವು ಇರುವ ಫೈಲಿನ ರೂಪವೇ ಬೇರೆಯಾಗಿದೆ, ಅಲ್ಲಿ ‘ಟೈಪ್ಸ್’ ಸಾಲಿಗೆ ‘ಡೆಬ್-ಎಸ್‌ಆರ್‌ಸಿ’ ಸೇರಿಸಬೇಕು. ಹೊಸ ಆವೃತ್ತಿಗೆ ಹೊಸದಾಗಿ ಬೇಕಾಗಿರುವುದು ಇದರಿಂದ ಬರುವುದಿಲ್ಲ, ಅದನ್ನು ಕೈಯಾರೆ ಹಾಕಬೇಕು.

ಪ್ಯಾಕೇಜ್ ಇದ್ದೂ ‘ಇಲ್ಲ’ ಅಂದರೆ? ಆಗ ಕಾನ್ಫಿಗರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಕಾನ್ಫಿಗ್ ಲಾಗ್ ತೆರೆಯಿರಿ. ಈ ಫೈಲನ್ನು ಓದಲು ಕಲಿತವರಿಗೆ ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಡೇವಿಡ್ ಮೆಕೆಂಜಿ 1991ರಲ್ಲಿ ಕಾನ್ಫಿಗರ್‌ಗಳನ್ನು ತಯಾರಿಸಿಕೊಡುವ ಆಟೋಕಾನ್ಫ್ ಶುರುಮಾಡಿದಾಗಿನಿಂದ ಕಾನ್ಫಿಗರ್ ಕೆಲಸ ಮಾಡುವ ರೀತಿ ಇಷ್ಟೇ: ನಾಲ್ಕಾರು ಸಾಲಿನ ಒಂದು ಪುಟ್ಟ ಸಿ ಪ್ರೋಗ್ರಾಂ ಬರೆದು, ಕಂಪೈಲರ್‌ಗೆ ಕೊಟ್ಟು, ಅದು ಕಂಪೈಲ್ ಆಯಿತೋ ಇಲ್ಲವೋ ಅಂತ ನೋಡುವುದು. ಆಗದಿದ್ದರೆ ತೆರೆಯ ಮೇಲೆ ಬರುವುದು ‘ನೋ’ ಅಂತ ಒಂದೇ ಪದ. ಯಾಕೆ ಆಗಲಿಲ್ಲ ಅನ್ನುವುದು, ಕಂಪೈಲರ್ ಬೈದ ಬೈಗುಳ, ಆ ಪುಟ್ಟ ಪ್ರೋಗ್ರಾಂ ಎಲ್ಲವೂ ಲಾಗ್‌ನಲ್ಲಿರುತ್ತವೆ. ಫೈಲಿನ ತಳಕ್ಕೆ ಹೋಗಿ ಹುಡುಕಬೇಡಿ, ಅಲ್ಲಿ ಪುಟಗಟ್ಟಲೆ ವೇರಿಯಬಲ್‌ಗಳ ಪಟ್ಟಿ ಬಿಟ್ಟರೆ ಏನೂ ಸಿಗುವುದಿಲ್ಲ. ತೆರೆಯ ಮೇಲೆ ‘ನೋ’ ಬಂದ ಸಾಲನ್ನೇ ಹುಡುಕಿ, ಅದರ ಕೆಳಗಿನ ಕೆಲವು ಸಾಲು ಓದಿ. ಹೆಡರ್ ಕಣ್ಣೆದುರೇ ಇದೆ, ಆದರೆ ಅದು ಒಳಗೆ ಕರೆಯುವ ಮತ್ತೊಂದು ಹೆಡರ್ ಇಲ್ಲ ಅನ್ನುವ ಸಂಗತಿ ಅಲ್ಲೇ ಕಾಣುವುದು. ಕಾನ್ಫಿಗರ್ ಬದಲು ಸಿಮೇಕ್ ಬಳಸುವ ತಂತ್ರಾಂಶ ಆದರೆ ಹಳೆಯ ಬಿಲ್ಡ್ ಫೋಲ್ಡರ್ ಅಳಿಸಿ ಮೊದಲಿನಿಂದ ಓಡಿಸಿ. ಹಿಂದೆ ಕಂಡ ದಾರಿಗಳನ್ನು ಅದು ಕ್ಯಾಶ್‌ನಲ್ಲಿ ಇಟ್ಟುಕೊಂಡಿರುತ್ತದೆ.

ಮತ್ತೆ ಹುಡುಗನ ವಿಷಯ. ಡೆವ್ ಪ್ಯಾಕೇಜ್ ಹಾಕಿದರೆ ಮುಗಿಯುತ್ತಿತ್ತು. ಟೆಸರಾಕ್ಟ್‌ಗೆ ಲೆಪ್ಟೋನಿಕಾ 1.74 ಸಾಕು, ಉಬುಂಟು 22.04ರಲ್ಲಿರುವುದು 1.82. ಅವನಿಗೆ ಎಲ್ಲವೂ ಹೊಸದೇ ಬೇಕೆಂಬ ಆಸೆ. ಲೆಪ್ಟೋನಿಕಾವನ್ನೂ ಸೋರ್ಸ್‌ನಿಂದಲೇ ಕಟ್ಟಿದ. ಒಂದೂ ಎರರ್ ಬರಲಿಲ್ಲ. ಟೆಸರಾಕ್ಟ್ ಕೂಡ ಸಲೀಸಾಗಿ ಕಟ್ಟಿತು. ಮೇಷ್ಟ್ರ ಸಂಚಿಕೆಯ ಒಂದು ಪುಟ ಕೊಟ್ಟು ಓಡಿಸಿದರೆ ಬಂದದ್ದು ಒಂದೇ ಸಾಲು: ‘ಫಂಕ್ಷನ್ ನಾಟ್ ಪ್ರೆಸೆಂಟ್’.

ನಾನು ಸ್ಕ್ಯಾನ್‌ಗಳನ್ನು ಇಟ್ಟಿರುವುದು ಟಿಫ್ ರೂಪದಲ್ಲಿ. ಚಿತ್ರ ಓದುವ ಕೆಲಸವನ್ನು ಟೆಸರಾಕ್ಟ್ ಲೆಪ್ಟೋನಿಕಾಗೆ ಬಿಡುತ್ತದೆ, ಲೆಪ್ಟೋನಿಕಾ ಅದನ್ನು ಲಿಬ್‌ಟಿಫ್‌ಗೆ ಬಿಡುತ್ತದೆ. ಅವನ ಯಂತ್ರದಲ್ಲಿ ಲಿಬ್‌ಟಿಫ್‌ನ ಡೆವ್ ಪ್ಯಾಕೇಜ್ ಇರಲಿಲ್ಲ. ಪಿಎನ್‌ಜಿ, ಜೆಪೆಗ್‌ಗಳದ್ದೂ ಇರಲಿಲ್ಲ. ಲೆಪ್ಟೋನಿಕಾದ ಕಾನ್ಫಿಗರ್‌ಗೆ ಇವು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ನೂರಾರು ಸಾಲುಗಳ ನಡುವೆ ಎಲ್ಲೋ ‘ನೋ’ ಅಂತ ಬರೆದು ಮುಂದೆ ಹೋಗಿದೆ. ಕಟ್ಟಿ ಮುಗಿದ ಲೈಬ್ರರಿಯಲ್ಲಿ ಟಿಫ್ ಓದುವ ಜಾಗ ಖಾಲಿ.

ಇದನ್ನು ಪತ್ತೆ ಹಚ್ಚಲು ‘ಟೆಸರಾಕ್ಟ್ ವರ್ಷನ್’ ಕೇಳಿದರೆ ಸಾಕು. ಲೆಪ್ಟೋನಿಕಾ ಹೆಸರಿನ ಕೆಳಗೆ ಅದು ಯಾವ ಯಾವ ಚಿತ್ರ ಲೈಬ್ರರಿಗಳ ಜೊತೆ ಕಟ್ಟಿದೆ ಅಂತ ಒಂದು ಸಾಲು ಬರುತ್ತದೆ. ನನ್ನ ಯಂತ್ರದಲ್ಲಿ ಜೆಪೆಗ್, ಪಿಎನ್‌ಜಿ, ಟಿಫ್, ಜೆಡ್‌ಲಿಬ್ ಎಲ್ಲ ಸಾಲಾಗಿ ಇವೆ. ಅವನದರಲ್ಲಿ ಒಂದೂ ಇರಲಿಲ್ಲ. ಡೆವ್ ಪ್ಯಾಕೇಜ್‌ಗಳನ್ನು ಹಾಕಿಸಿ, ಲೆಪ್ಟೋನಿಕಾ ಫೋಲ್ಡರ್‌ನಲ್ಲಿ ಹಿಂದೆ ಕಟ್ಟಿದ್ದನ್ನು ಅಳಿಸುವ ‘ಮೇಕ್ ಡಿಸ್ಟ್‌ಕ್ಲೀನ್’ ಕೊಟ್ಟು ಮತ್ತೆ ಕಟ್ಟಿಸಿದೆ. ಈ ಸಲ ಕಾನ್ಫಿಗರ್‌ಗೆ ‘ವಿತ್-ಲಿಬ್‌ಟಿಫ್’ ಅಂತ ಬಾಯಿಬಿಟ್ಟು ಕೇಳಿಸಿದೆ. ಹಾಗೆ ಕೇಳಿದರೆ ಲೈಬ್ರರಿ ಸಿಗದಿದ್ದಾಗ ಅದು ಸುಮ್ಮನೆ ದಾಟುವುದಿಲ್ಲ, ನಿಲ್ಲುತ್ತದೆ. ಲೈಬ್ರರಿ ಬದಲಾದ ಮೇಲೆ ಟೆಸರಾಕ್ಟ್ ಅನ್ನು ಮರಳಿ ಕಟ್ಟುವ ಕೆಲಸವೇ ಬೀಳಲಿಲ್ಲ, ಅದು ಓಡುವಾಗ ಹೊಸ ಲೈಬ್ರರಿಯನ್ನೇ ಎತ್ತಿಕೊಂಡಿತು.

ನನ್ನ ಮಾತೆಲ್ಲ ಇದರ ಮೇಲೆಯೇ. ನಿಮಗೆ ಖಂಡಿತ ಬೇಕಾದ್ದನ್ನು ಮೊದಲೇ ಹೆಸರಿಟ್ಟು ಕೇಳಿ. ಕಾನ್ಫಿಗರ್ ಇರುವಲ್ಲಿ ‘ಹೆಲ್ಪ್’ ಕೊಟ್ಟು ‘ವಿತ್’, ‘ಎನೇಬಲ್’ ಸಾಲುಗಳನ್ನು ಓದಿ. ಮೆಸಾನ್ ಎಂಬ ಇನ್ನೊಂದು ಕಟ್ಟುವ ಉಪಕರಣದಲ್ಲಿ ಇಂಥ ಆಯ್ಕೆಗಳು ‘ಆಟೋ’ ಅಂತ ಇರುತ್ತವೆ, ‘ಎನೇಬಲ್ಡ್’ ಮಾಡಿ. ಸಿಮೇಕ್ 3.22ರಿಂದ ಈಚೆಗೆ ಐಚ್ಛಿಕ ಪ್ಯಾಕೇಜ್ ಒಂದನ್ನು ಕಡ್ಡಾಯ ಮಾಡುವ ವೇರಿಯಬಲ್ ಬಂದಿದೆ. ಟೆಸರಾಕ್ಟ್‌ನ ತರಬೇತಿ ಉಪಕರಣಗಳಿಗೂ ಇದೇ ಕಥೆ. ಐಸಿಯು, ಪ್ಯಾಂಗೋ, ಕೈರೋ ಈ ಮೂರು ಲೈಬ್ರರಿಗಳ ಡೆವ್ ಪ್ಯಾಕೇಜ್ ಬೇಕು. ಇಲ್ಲದಿದ್ದರೆ ತರಬೇತಿ ಭಾಗ ಕಟ್ಟಲಾಗದು ಅಂತ ಕಾನ್ಫಿಗರ್ ಕೊನೆಯಲ್ಲಿ ಹೇಳುತ್ತದೆ, ಆದರೆ ನಿಲ್ಲುವುದಿಲ್ಲ. ಕನ್ನಡದ ಕೆಲಸ ಮಾಡುವವರಿಗೆ ಆ ಭಾಗ ಇಲ್ಲದಿದ್ದರೆ ಏನು ಬಂತು? ಮೇಕ್ ಕೊಡುವ ಮೊದಲು ಆ ಕೊನೆಯ ಹತ್ತಿಪ್ಪತ್ತು ಸಾಲು ಓದಿ. ಎಲ್ಲ ಸರಿ ಇದ್ದರೆ ‘ಮೇಕ್ ಟ್ರೇನಿಂಗ್’ ಅಂತ ಬೇರೆಯಾಗಿ ಕೊಡಬೇಕು, ಬರೀ ಮೇಕ್‌ನಿಂದ ಅವು ಬರುವುದಿಲ್ಲ.

ಕಟ್ಟಿ ಮುಗಿದ ಮೇಲೂ ಎರಡು ‘ಇಲ್ಲ’ ಬರಬಹುದು. ಓಡಿಸಿದ ಕೂಡಲೇ ಷೇರ್ಡ್ ಲೈಬ್ರರಿ ತೆರೆಯಲಾಗಲಿಲ್ಲ ಅಂದರೆ ಫೈಲು ‘ಯುಎಸ್‌ಆರ್/ಲೋಕಲ್/ಲಿಬ್’ನಲ್ಲಿ ಕೂತಿದೆ, ಓಡಿಸುವಾಗ ಲೈಬ್ರರಿ ಹುಡುಕಿ ತರುವ ಲೋಡರ್‌ನ ಪಟ್ಟಿಗೆ ಇನ್ನೂ ಸೇರಿಲ್ಲ ಅಂತ. ಉಬುಂಟುವಿನಲ್ಲಿ ಸುಡೋ ಎಲ್‌ಡಿಕಾನ್ಫಿಗ್ ಕೊಟ್ಟರೆ ಹೋಗುತ್ತದೆ. ಯಾವ ಲೈಬ್ರರಿ ಎಲ್ಲಿಂದ ಬರುತ್ತಿದೆ ಅಂತ ಎಲ್‌ಡಿಡಿ ತೋರಿಸುತ್ತದೆ. ಆ್ಯಪ್ಟ್‌ನಿಂದ ಬಂದದ್ದು, ಕೈಯಿಂದ ಕಟ್ಟಿದ್ದು ಎರಡೂ ಇರುವ ಯಂತ್ರದಲ್ಲಿ ಇದನ್ನು ನೋಡಲೇಬೇಕು. ಎರಡನೆಯದು ‘ಕನ್ನಡ ಲೋಡ್ ಆಗಲಿಲ್ಲ’ ಅನ್ನುವುದು. ಹೊಸ ಟೆಸರಾಕ್ಟ್ ದತ್ತಾಂಶ ಹುಡುಕುವ ಫೋಲ್ಡರ್ ಬೇರೆ: ‘ಯುಎಸ್‌ಆರ್/ಲೋಕಲ್/ಷೇರ್/ಟೆಸ್‌ಡೇಟಾ’. ಆ್ಯಪ್ಟ್ ಹಾಕಿದ ಕನ್ನಡ ಫೈಲು ಅಲ್ಲಿರುವುದಿಲ್ಲ. ಅಲ್ಲಿಗೆ ತರುವಾಗ ಟೆಸರಾಕ್ಟ್‌ನ ದತ್ತಾಂಶ ಸಂಗ್ರಹಗಳಲ್ಲಿ ‘ಬೆಸ್ಟ್’ ಸಂಗ್ರಹದ್ದನ್ನೇ ತನ್ನಿ. ‘ಫಾಸ್ಟ್’ ಸಂಗ್ರಹದ್ದು ಬೇಗ ಓದುತ್ತದೆ ನಿಜ, ಆದರೆ ಅದರ ಮೇಲೆ ಮುಂದಿನ ತರಬೇತಿ ಕೊಡಲು ಬರುವುದಿಲ್ಲ.

22.04ಕ್ಕೆ ಬೇಕಾದ ಡೆವ್ ಪ್ಯಾಕೇಜ್‌ಗಳನ್ನೆಲ್ಲ ಒಂದು ಫೈಲಿನಲ್ಲಿ ಬರೆದಿಟ್ಟಿದ್ದೇನೆ. ಹಳೆಯ ಕನ್ನಡ ಅಚ್ಚಿನ ಪುಟಗಳ ಕೆಲಸಕ್ಕೆ ಕೂತವರು ದಾವಣಗೆರೆ, ಹರಿಹರದ ಕಡೆ ಯಾರಾದರೂ ಇದ್ದರೆ ಪೆನ್‌ಡ್ರೈವ್ ತೆಗೆದುಕೊಂಡು ಅಂಗಡಿಗೆ ಬನ್ನಿ. ಬರುವಾಗ ನಿಮ್ಮ ಕಾನ್ಫಿಗ್ ಲಾಗ್ ಕೂಡ ತನ್ನಿ, ಕೂತು ಓದೋಣ.